ಮೌರೀನ್ ಕಾನಲಿ

ಟೆನಿಸ್ ಕ್ರೀಡಾಲೋಕದಲ್ಲಿ ವಿಂಬಲ್ಡನ್ ಎಂಬ ಹೆಸರಿಗೆ ವಿಶೇಷವಾದ ಗೌರವವುಂಟು. ಲಂಡನ್ನಿನ ಆ ಭಾಗದಲ್ಲಿ 1877ರಲ್ಲಿ ಪ್ರಾರಂಭವಾದ ಪಂದ್ಯಾವಳಿಯಲ್ಲಿ ಮೊದಲು ಸ್ತ್ರೀಯರಿಗೆ ಅವಕಾಶವಿರಲಿಲ್ಲ. 1884ರಲ್ಲಿ ಮಹಿಳೆಯರ ಸಿಂಗಲ್ಸ್ ಸ್ಪರ್ಧೆ ಏರ್ಪಟ್ಟಾಗ ಅದರಲ್ಲಿ ಭಾಗವಹಿಸಿದವರು ಕೇವಲ 13 ಮಂದಿ. ಮುಂದೆ ಆ ಪ್ರಶಸ್ತಿಯನ್ನು ಗಳಿಸಿದವರು ಅನೇಕರು. ಅವರಲ್ಲಿ, ಆಡಿದ ಮೂರು ವರ್ಷವೂ ಗೆದ್ದು, ಒಮ್ಮೆಯೂ ಸೋಲನ್ನು ಕಾಣದೆ, ಹತ್ತೊಂಬತ್ತರ ಹರೆಯದಲ್ಲೇ ಕ್ರೀಡಾಂಗಣವನ್ನು ತೊರೆಯಬೇಕಾಗಿ ಬಂದ ಮೌರೀನ್ ಕಾನಲಿಯ ಜೀವನ ಮರೆಯಲಾಗದಂಥದು.

ಮೌರೀನ್ 1934ರ ಸೆಪ್ಟೆಂಬರ್ 17ರಂದು ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಜನಿಸಿದಳು. ಎಳವೆಯಲ್ಲೇ ತಂದೆ ಮನೆಯಿಂದ ದೂರವಾದುದರಿಂದ ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಬಾಲಕಿಗೆ ಕುದುರೆಗಳೆಂದರೆ ಪಂಚಪ್ರಾಣ. ಆದರೆ ಸವಾರಿಯನ್ನು ಕಲಿಸಲು ತಾಯಿಯಲ್ಲಿ ಹಣವಿರಲಿಲ್ಲ. ಆದಕಾರಣ ಹತ್ತನೆಯ ವಯಸ್ಸಿನಲ್ಲಿ ಆಕೆ ಟೆನಿಸ್ ರ‍್ಯಾಕೆಟನ್ನು ಹಿಡಿದಳು. ಆಕೆ ಎಡಚಿ. ಮೊದಲ ಗುರು ವಿಲ್ಬರ್ ಫಾಲ್ಸಮ್ ಆಕೆಗೆ ಬಲಗೈಯಲ್ಲಿ ಆಡುವುದನ್ನು ಅಭ್ಯಾಸ ಮಾಡಿಸಿದರು. ಶಿಷ್ಯೆ ಬೇಸರಿಸದೆ ದಿನವೂ ಗಂಟೆಗಟ್ಟಲೆ ಶ್ರಮಿಸಿದಳು.

ಅನಂತರ ಎಲಿನರ್ ಟೆನೆಂಟ್ ಎಂಬ ಪ್ರಸಿದ್ಧ ತರಬೇತುದಾರಿಣಿ ಆಕೆಯನ್ನು ತಿದ್ದಿದರು. ಎದುರಾಳಿಯನ್ನು ದ್ವೇಷಿಸಿದರೆ ಮಾತ್ರ ಗೆಲುವು ಲಭಿಸುತ್ತದೆ ಎಂಬ ಭಾವನೆ ಆ ದಿನಗಳಲ್ಲಿ ಹುಡುಗಿಯ ಮನಸ್ಸಿನಲ್ಲಿ ಬೇರೂರಿತು. ಗೆಲುವೇನೋ ಬಂದಿತು. 1951ರಲ್ಲಿ, ಇನ್ನೂ ಹದಿನಾರು ವರ್ಷದವಳಾಗಿರುವಾಗಲೇ, ಆಕೆ ಅಮೆರಿಕದ ಚಾಂಪಿಯನ್ ಆದಳು. ಆದರೆ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಆ ದ್ವೇಷದ ಹಿಂದೆ ಅಡಗಿದ್ದುದು ಸೋಲಿನ ಭಯವೆಂಬುದನ್ನು ಆಕೆ ಮುಂದೆ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದಳು.

1952ರ ವಿಂಬಲ್ಡನ್ ಸಮಯದಲ್ಲಿ ಮೌರೀನಳಿಗೆ ಭುಜದ ನೋವು ಕಾಣಿಸಿಕೊಂಡಿತು. ಸ್ಪರ್ಧೆಯಿಂದ ಹಿಂದೆ ಸರಿಯಬೇಕೆಂದು ಟೆನೆಂಟ್ ಪಟ್ಟುಹಿಡಿದರು. ಹದಿನೇಳರ ಬಾಲೆ ಒಪ್ಪಲಿಲ್ಲ. ಗುರುಶಿಷ್ಯೆಯರು ಬೇರೆಯಾದರು. ಮೌರೀನ್ ಆಡಿದಳು, ಅಂತಿಮ ಪಂದ್ಯದಲ್ಲಿ ಲೂಯಿಸ್ ಬ್ರೌ ಅವರನ್ನು ಸೋಲಿಸಿ ಪ್ರಶಸ್ತಿಯನ್ನು ಪಡೆದಳು. ಹರ್ಷಗೊಂಡ ಊರಿನ ಜನ ಆಕೆಗೆ ಒಂದು ಕುದುರೆಯನ್ನು ಕಾಣಿಕೆಯಾಗಿ ನೀಡಿದರು. ಬಾಲ್ಯದ ಕನಸು ನನಸಾಯಿತು.

ಮರುವರ್ಷ ಆಸ್ಟ್ರೇಲಿಯದ ಹ್ಯಾರಿ ಹಾಪ್‌ಮನ್ ಅವರ ಮಾರ್ಗದರ್ಶನದಲ್ಲಿ ಆಕೆಯ ಆಟ ಹೊಸ ಕಾಂತಿಯನ್ನು ಪಡೆಯಿತು. ಆಸ್ಟ್ರೇಲಿಯ, ಫ್ರಾನ್ಸ್, ವಿಂಬಲ್ಡನ್, ಅಮೆರಿಕ ಈ ನಾಲ್ಕೂ ಕಡೆಗಳಲ್ಲಿ 1953ರಲ್ಲಿ ಆಕೆ ವಿಜಯಿಯಾದಳು. ಈ ನಾಲ್ಕು ಪಂದ್ಯಾವಳಿಗಳಲ್ಲಿ ಆಕೆ ಕಳೆದುಕೊಂಡದ್ದು ಒಂದೇ ಒಂದು ಸೆಟ್. ಒಂದೇ ವರ್ಷದಲ್ಲಿ ಈ ನಾಲ್ಕು ಸಿಂಗಲ್ಸ್ ಪ್ರಶಸ್ತಿಗಳನ್ನು ಗಳಿಸುವುದಕ್ಕೆ ಗ್ರ್ಯಾಂಡ್ ಸ್ಲ್ಯಾಮ್ ಎಂದು ಹೆಸರು. ಅದನ್ನು ಸಾಧಿಸಿದ ಪ್ರಥಮ ಮಹಿಳೆ ಮೌರೀನ್. ಆಕೆಯ ಬಳಿಕ 1970ರಲ್ಲಿ ಮಾರ್ಗರೆಟ್ ಕೋರ್ಟ್ ಮತ್ತು 1988ರಲ್ಲಿ ಸ್ಟೆಫಿ ಗ್ರಾಫ್ ಈ ಸಾಧನೆ ಮಾಡಿದರು.

1954ರಲ್ಲಿ ಮೌರೀನ್ ಮೂರನೆಯ ಬಾರಿ ವಿಂಬಲ್ಡನ್ ಗೆದ್ದಳು. ಕೆಲವೇ ದಿನಗಳ ನಂತರ, ಜುಲೈ 20ರಂದು, ತನ್ನ ನೆಚ್ಚಿನ ಕುದುರೆಯ ಮೇಲೆ ಸವಾರಿ ಹೊರಟಿದ್ದಾಗ ಎದುರಿನಿಂದ ಲಾರಿಯೊಂದು ಬಂದಿತು. ಕುದುರೆ ಬೆದರಿತು. ಲಾರಿಗೆ ಸಿಕ್ಕಿ ಆಕೆಯ ಬಲಗಾಲು ಜಜ್ಜಿಹೋಯಿತು. ಎಷ್ಟು ಪ್ರಯತ್ನಿಸಿದರೂ ಕಾಲಿಗೆ ಮೊದಲಿನ ಶಕ್ತಿ ಬರಲಿಲ್ಲ. 1955ರಲ್ಲಿ ಆಕೆ ಸ್ಪರ್ಧೆಗಳಿಂದ ನಿವೃತ್ತಳಾದಳು.

ಆದರೆ ಮೌರೀನ್ ವಿಧಿಯನ್ನು ಹಳಿಯುತ್ತ ಕೂರಲಿಲ್ಲ. ನಾರ್ಮನ್ ಬ್ರಿಂಕರ್ ಅವರನ್ನು ವಿವಾಹವಾಗಿ ಇಬ್ಬರು ಹೆಣ್ಣುಮಕ್ಕಳ ತಾಯಿಯಾದಳು. ಎಳೆಯರಿಗೆ ಟೆನಿಸ್ ಕಲಿಸತೊಡಗಿದಳು. ಕ್ಯಾನ್ಸರ್ ರೋಗ ದೇಹವನ್ನು ಕಾಡುತ್ತಿದ್ದಾಗಲೂ, 1968ರಲ್ಲಿ, ಬಾಲ ಕ್ರೀಡಾಪಟುಗಳ ಪ್ರೋತ್ಸಾಹಕ್ಕಾಗಿ ಡಲ್ಲಾಸ್ ನಗರದಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಲು ಕಾರಣಳಾದಳು. 1969ರ ಜೂನ್ 21ರಂದು, ಆ ವರ್ಷದ ವಿಂಬಲ್ಡನ್ ಪ್ರಾರಂಭವಾಗಲು ಎರಡು ದಿನಗಳಿರುವಾಗ, ಆಕೆ ಕಣ್ಮುಚ್ಚಿದಳು. ಆಗ ಆಕೆಗೆ ಕೇವಲ 34 ವರ್ಷ.

ಎದುರಾಳಿಯನ್ನು ಗೆಲ್ಲುವುದು ದೊಡ್ಡದು. ತನ್ನೊಳಗಿನ ಭಯವನ್ನೂ ದ್ವೇಷವನ್ನೂ ಗೆಲ್ಲುವುದು ಅದಕ್ಕಿಂತ ದೊಡ್ಡದು. ತನಗೆ ಒದಗದೆ ಹೋದ ಭಾಗ್ಯ ಇತರರಿಗಾದರೂ ಒದಗಲೆಂದು ದುಡಿಯುವುದು ಎಲ್ಲಕ್ಕಿಂತ ದೊಡ್ಡದು. ಈ ಮೂರನ್ನೂ ಮೌರೀನ್ ಕಾನಲಿ ತನ್ನ ಅಲ್ಪ ಆಯುಷ್ಯದಲ್ಲೇ ಸಾಧಿಸಿದಳು.