ಅಲನ್ ಟ್ಯೂರಿಂಗ್: ಯಂತ್ರದ ಮಿತಿ ಕಂಡವರು

ನನ್ನ ಉದ್ಯೋಗವಾದ ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದ ಅಲನ್ ಟ್ಯೂರಿಂಗ್ ಅವರ ಕುಟುಂಬಕ್ಕೂ ದಕ್ಷಿಣ ಭಾರತಕ್ಕೂ ನಂಟಿದೆ. ತಂದೆ ಜೂಲಿಯಸ್ ಮದ್ರಾಸ್ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರ್. ತುಂಗಭದ್ರೆಯ ರೈಲು ಸೇತುವೆ ಅವರ ಕೆಲಸ. ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು. ಹೆತ್ತವರು ಭಾರತದಲ್ಲಿದ್ದಾಗ ಮಕ್ಕಳು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬೆಳೆದರು.

1926ರಲ್ಲಿ ಶೆರ್‌ಬೋರ್ನ್ ಶಾಲೆ ಸೇರುವ ಹೊತ್ತಿಗೆ ಮುಷ್ಕರದಿಂದ ರೈಲುಗಳು ನಿಂತಿದ್ದವು. ಹದಿಮೂರರ ಹುಡುಗ ಸುಮಾರು 100 ಕಿ.ಮೀ. ಸೈಕಲ್ ತುಳಿದು ಶಾಲೆ ಮುಟ್ಟಿದ. ಅಕ್ಷರ ಸರಿಯಿಲ್ಲ, ಬರವಣಿಗೆ ಗಲೀಜು ಎಂದು ಶಿಕ್ಷಕರು ದೂರುತ್ತಿದ್ದರು. ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ತೀರಿಕೊಂಡಾಗ, ಅವನು ಮಾಡಬೇಕಿದ್ದ ಕೆಲಸವನ್ನು ತಾನು ಮಾಡಬೇಕೆಂದು ಅಲನ್ ನಿಶ್ಚಯಿಸಿದರು. ಮರುವರ್ಷ ಕೇಂಬ್ರಿಜ್ ಸೇರಿದರು.

ತರ್ಕದ ಯಾವುದೇ ಹೇಳಿಕೆಗೆ ಸಾಧನೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಖಚಿತ ವಿಧಾನವೊಂದು ಇದೆಯೇ ಎಂಬುದು ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ ಎತ್ತಿದ್ದ ಪ್ರಶ್ನೆ. ವಿಧಾನ ಎಂದರೇನು ಎಂಬಲ್ಲಿಂದಲೇ ಟ್ಯೂರಿಂಗ್ ಶುರು ಮಾಡಿದರು. ಲೆಕ್ಕದ ಚೌಕಳಿ ನೋಟ್‌ಬುಕ್ಕಿನ ಒಂದು ಸಾಲನ್ನು ಕೊನೆಯಿಲ್ಲದ ಪಟ್ಟಿಯೆಂದು ಭಾವಿಸಿ. ಯಂತ್ರ ಒಂದು ಸಲಕ್ಕೆ ಒಂದೇ ಚೌಕ ಓದುತ್ತದೆ. ನಿಯಮದಂತೆ ಅಲ್ಲಿ ಒಂದು ಚಿಹ್ನೆ ಬರೆದು, ಎಡಕ್ಕೋ ಬಲಕ್ಕೋ ಒಂದು ಮನೆ ಸರಿಯುತ್ತದೆ. ಕಾಗದ, ಪೆನ್ಸಿಲ್ ಹಿಡಿದು ನಿಯಮದಂತೆ ಮಾಡಬಹುದಾದ ಲೆಕ್ಕಗಳನ್ನೆಲ್ಲ ಇಂಥ ಯಂತ್ರಗಳು ಮಾಡಬಲ್ಲವು. ಯಾವ ಯಂತ್ರದ ನಿಯಮಗಳನ್ನು ಪಟ್ಟಿಯ ಮೇಲೆ ಬರೆದುಕೊಟ್ಟರೂ ಅದರಂತೆ ನಡೆಯುವ ಒಂದೇ ಯಂತ್ರವನ್ನೂ ಅವರು ಕಲ್ಪಿಸಿದರು. ಹೊಸ ಆ್ಯಪ್ ಹಾಕಿದಾಗ ನಮ್ಮ ಮೊಬೈಲ್ ಹೊಸ ಕೆಲಸ ಕಲಿಯುವುದು ಇದೇ ತತ್ವದಿಂದ.

ಈ ಕಲ್ಪನೆಯಿಂದಲೇ, ಹಿಲ್ಬರ್ಟ್ ಕೇಳಿದ ವಿಧಾನ ಇಲ್ಲವೆಂದು ಅವರು 1936ರಲ್ಲಿ ಸಾಧಿಸಿದರು. ಅಮೆರಿಕದ ಅಲೊಂಜೊ ಚರ್ಚ್ ಬೇರೆ ದಾರಿಯಿಂದ ಅದೇ ಉತ್ತರ ತಲುಪಿದ್ದರು. ಯಾವ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ನಿಲ್ಲುವುದೋ, ಸದಾ ಸುತ್ತುತ್ತಲೇ ಇರುವುದೋ ಎಂದು ತಪ್ಪಿಲ್ಲದೆ ಹೇಳುವ ಇನ್ನೊಂದು ಪ್ರೋಗ್ರಾಂ ಬರೆಯಲು ಇಂದಿಗೂ ನನ್ನಂಥವರಿಗೆ ಆಗದು. ಮುಂದೆಯೂ ಯಾರಿಗೂ ಆಗದು. ಕಂಪ್ಯೂಟರ್ ಬರುವ ಮೊದಲೇ ಅದರ ಮಿತಿ ಗೊತ್ತಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ, ಪೋಲೆಂಡಿನ ಗಣಿತಜ್ಞರು ತೋರಿದ ದಾರಿಯಲ್ಲಿ ಮುಂದುವರಿದು, ಜರ್ಮನಿಯ ಎನಿಗ್ಮಾ ಗುಪ್ತಲಿಪಿ ಭೇದಿಸುವ ಯಂತ್ರವನ್ನು ಅವರು ಬ್ಲೆಚ್ಲಿ ಪಾರ್ಕಿನಲ್ಲಿ ರೂಪಿಸಿದರು. ಆ ಸೇವೆ ದಶಕಗಳ ಕಾಲ ಗುಟ್ಟಾಗಿಯೇ ಉಳಿಯಿತು. 1952ರಲ್ಲಿ, ಪುರುಷನೊಬ್ಬನೊಂದಿಗಿನ ಸಂಬಂಧಕ್ಕಾಗಿ ಅದೇ ದೇಶದ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಸೆರೆವಾಸದ ಬದಲು ಹಾರ್ಮೋನ್ ಚಿಕಿತ್ಸೆ ಒಪ್ಪಬೇಕಾಯಿತು. 1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ ಸೈನೈಡ್ ವಿಷದಿಂದ ತೀರಿಕೊಂಡರು. ಆತ್ಮಹತ್ಯೆ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಬ್ರಿಟನ್ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ. ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ. ನಮ್ಮ ದೇಶದಲ್ಲಿ ಅಂಥ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಟ್ಯೂರಿಂಗ್ ಅವರ ಮಹತ್ವದ ವಿಚಾರಕ್ಕೆ ಬೇಕಾದದ್ದು ಕಾಗದ, ಪೆನ್ಸಿಲ್ ಮತ್ತು ಹಟ. ನರೋಣಾದ ನಮ್ಮ ಶಾಲೆಯಲ್ಲಿ ಇವಕ್ಕೆ ಕೊರತೆಯಿಲ್ಲ. ಅಕ್ಷರ ಕೆಟ್ಟಿರುವ, ಎಲ್ಲರಂತಿಲ್ಲದ ಮಗು ತರಗತಿಯಲ್ಲಿದ್ದರೆ ಗುರುಗಳೂ ಗೆಳೆಯರೂ ಅದನ್ನು ದೂರ ಮಾಡದಿರಲಿ ಎಂಬುದು ಈ ಹಳೆಯ ವಿದ್ಯಾರ್ಥಿಯ ವಿನಂತಿ.