ಕೆಲಸ ಅರಸಿ ಕಲ್ಯಾಣಕ್ಕೆ ಬಂದ ಬಿಲ್ಹಣ

ಬೀದರ್ ಜಿಲ್ಲೆಯ ಬೇಮಳಖೇಡ ನನ್ನ ಅಕ್ಕನನ್ನು ಕೊಟ್ಟ ಊರು. ಕಳೆದ ತಿಂಗಳು ಅಲ್ಲಿಗೆ ಹೋಗಿದ್ದಾಗ ಅಕ್ಕನ ಮಗ ತಾನು ಹೈದರಾಬಾದಿಗೆ ಹೋಗಲು ತೀರ್ಮಾನಿಸಿರುವುದಾಗಿ ತಿಳಿಸಿದ. ಇತಿಹಾಸದಲ್ಲಿ ಎಂ.ಎ., ಜೊತೆಗೆ ಬಿ.ಇಡಿ. ಮುಗಿಸಿರುವ ಆತನಿಗೆ ಈಗ ಮೂವತ್ತೊಂದು ವರ್ಷ. ಏಳು ವರ್ಷಗಳಿಂದ ನೇಮಕಾತಿ ಪರೀಕ್ಷೆಗಳನ್ನು ಬರೆಯುತ್ತ, ನಡುನಡುವೆ ಅತಿಥಿ ಶಿಕ್ಷಕನಾಗಿ ದುಡಿಯುತ್ತ ಬಂದಿದ್ದಾನೆ. ಹೈದರಾಬಾದಿನಲ್ಲಿ ಆತನಿಗೆ ಸಿಕ್ಕಿರುವುದು ಗೋದಾಮೊಂದರಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ. ಪ್ರತಿ ಸಲವೂ ಧೈರ್ಯಗೆಡಬೇಡವೆಂದು ಹೇಳುತ್ತ ಬಂದಿದ್ದ ಸೋದರಮಾವನಾದ ನನಗೆ ಈ ಬಾರಿ ಆ ಮಾತನ್ನಾಡಲು ನಾಲಿಗೆ ಏಳಲಿಲ್ಲ.

ಮರುದಿನ ನಾವಿಬ್ಬರೂ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋದೆವು. ಅಲ್ಲಿನ ಚಾಲುಕ್ಯ ದೇಗುಲದ ಹೊರಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲುಗಳನ್ನು. ಕಲ್ಲಿನ ಹೆಣ್ಣಿಗೂ ಒಂಬೈನೂರು ವರ್ಷಗಳಿಂದ ಬರೆಯುವ ಕೆಲಸವಿದೆಯಲ್ಲ ಮಾಮಾ ಎಂದು ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಅದೇ ವಿಕ್ರಮಾದಿತ್ಯನ ಬಳಿ ಕೆಲಸ ಕಂಡುಕೊಂಡ ಮತ್ತೊಬ್ಬ ಬರಹಗಾರ ನೆನಪಾದ. ಇಂದು ಕಲ್ಯಾಣದ ನೆಲದಿಂದ ಜನ ಕೆಲಸ ಅರಸಿ ಹೊರಗೆ ಹೋಗುತ್ತಿದ್ದಾರೆ. ಒಂದು ಕಾಲದಲ್ಲಿ ಕಾಶ್ಮೀರದಂಥ ದೂರದ ನಾಡಿನಿಂದ ಕೆಲಸ ಅರಸುತ್ತ ಕಲ್ಯಾಣಕ್ಕೆ ಬಂದವನಿದ್ದ. ಅವನೇ ಮಹಾಕವಿ ಬಿಲ್ಹಣ.

ಬಿಲ್ಹಣನ ಹೆಸರು ಕೇಳಿದೊಡನೆ ಅನೇಕರಿಗೆ ನೆನಪಾಗುವುದು ರಾಜಕುಮಾರಿಗೆ ಪಾಠ ಹೇಳಲು ಹೋಗಿ, ಅವಳಲ್ಲೇ ಅನುರಕ್ತನಾಗಿ, ಮರಣದಂಡನೆಗೆ ಗುರಿಯಾದ ಕವಿಯ ಕಥೆ. ಅದು ದಂತಕಥೆ. ವಿಕ್ರಮಾಂಕದೇವಚರಿತದ ಕೊನೆಯ, ಅಂದರೆ ಹದಿನೆಂಟನೆಯ ಸರ್ಗದಲ್ಲಿ ಆತ ತನ್ನ ಬಗ್ಗೆ ತಾನೇ ಹೇಳಿಕೊಂಡಿರುವ ವೃತ್ತಾಂತ ಬೇರೆಯೇ ಆಗಿದೆ. ಶ್ರೀನಗರದ ಸಮೀಪದ ಖೋನಮುಖ ಆತನ ಹುಟ್ಟೂರು. ಕೇಸರಿ ಮತ್ತು ದ್ರಾಕ್ಷಿಗೆ ಹೆಸರಾದ ಊರು ತನ್ನದೆಂಬ ಅಭಿಮಾನ ಆತನಿಗೆ ಕೊನೆಯವರೆಗೂ ಇತ್ತು. ತಂದೆ ಜ್ಯೇಷ್ಠಕಲಶ ಪತಂಜಲಿಯ ಮಹಾಭಾಷ್ಯಕ್ಕೆ ವ್ಯಾಖ್ಯಾನ ಬರೆದ ಪಂಡಿತ, ತಾಯಿ ನಾಗಾದೇವಿ. ಅಣ್ಣ ಇಷ್ಟರಾಮ, ತಮ್ಮ ಆನಂದ ಇಬ್ಬರೂ ಕವಿಗಳು. ವೇದ, ವ್ಯಾಕರಣ, ಕಾವ್ಯಶಾಸ್ತ್ರಗಳಲ್ಲಿ ಬಿಲ್ಹಣ ಪಳಗಿದ್ದ. ಇಷ್ಟೆಲ್ಲ ಇದ್ದೂ, ಕ್ರಿ.ಶ. 1063ರಲ್ಲಿ ಪಟ್ಟವೇರಿದ ಕಲಶನ ಆಳ್ವಿಕೆಯಲ್ಲಿ ಆತ ಕಾಶ್ಮೀರವನ್ನು ತೊರೆದ.

ಅಲ್ಲಿಂದ ಆರಂಭವಾದದ್ದು ಭರತಖಂಡದ ಉದ್ದಗಲವನ್ನು ಅಳೆದ ಅಲೆದಾಟ. ಮಥುರೆ, ವೃಂದಾವನ, ಕನೌಜ್, ಪ್ರಯಾಗಗಳನ್ನು ದಾಟಿ ಆತ ಕಾಶಿಗೆ ಬಂದ. ಡಾಹಲದ ಕಲಚುರಿ ದೊರೆ ಕರ್ಣನ ಆಸ್ಥಾನದಲ್ಲಿ ಗಂಗಾಧರನೆಂಬ ಕವಿಯನ್ನು ಸೋಲಿಸಿ ಮನ್ನಣೆ ಪಡೆದ. ಆದರೆ ಅಲ್ಲಿ ನೆಲೆ ನಿಲ್ಲಲಿಲ್ಲ. ಕವಿಗಳ ಪಾಲಿಗೆ ಕಲ್ಪವೃಕ್ಷವೆನಿಸಿದ್ದ ಧಾರಾನಗರಿಯ ಭೋಜರಾಜ ಅಷ್ಟರಲ್ಲಿ ತೀರಿಕೊಂಡಿದ್ದ. ಭೋಜನಿದ್ದಾಗಲೇ ನೀನೇಕೆ ಬರಲಿಲ್ಲವೆಂದು ಧಾರೆಯ ಹೆಬ್ಬಾಗಿಲ ಪಾರಿವಾಳಗಳು ತನ್ನನ್ನು ಕೇಳಿ ಮರುಗಿದಂತೆ ಬಿಲ್ಹಣ ಚಿತ್ರಿಸಿಕೊಂಡಿದ್ದಾನೆ. ತಡವಾಗಿ ತಲುಪಿದವನ ಸಂಕಟವನ್ನು ಅರಿಯಲು ಹನ್ನೊಂದನೆಯ ಶತಮಾನಕ್ಕೇ ಹೋಗಬೇಕೆಂದಿಲ್ಲ. ವಯೋಮಿತಿ ಮೀರಿದ ಮೇಲೆ ಅರ್ಜಿ ಕರೆದದ್ದನ್ನು ಕಂಡ ಯಾವ ಯುವಕನಿಗಾದರೂ ಅದು ಅರ್ಥವಾಗುತ್ತದೆ.

ಮುಂದೆ ಗುಜರಾತ್. ಅಣಹಿಲವಾಡದ ಚೌಲುಕ್ಯ ದೊರೆ ಕರ್ಣನನ್ನು ನಾಯಕನನ್ನಾಗಿಸಿ ಆತ ಕರ್ಣಸುಂದರಿ ಎಂಬ ನಾಟಿಕೆಯನ್ನು ರಚಿಸಿದ. ಬಯಸಿದ ಗೌರವ ಅಲ್ಲಿಯೂ ದೊರೆತಂತಿಲ್ಲ. ಅಲ್ಲಿನ ಜನರ ಉಡುಗೆ, ನುಡಿಗಳ ಬಗ್ಗೆ ಆತ ಆಡಿರುವ ಕಹಿ ಮಾತುಗಳು ಮಹಾಕವಿಗೆ ಶೋಭೆ ತರುವಂಥವಲ್ಲ. ನಿರಾಶೆ ದೊಡ್ಡವರನ್ನೂ ಸಣ್ಣವರನ್ನಾಗಿ ಮಾಡಬಲ್ಲದು. ಆ ಬೇಗೆಯನ್ನು ಸೋಮನಾಥನ ದರ್ಶನದಿಂದ ಕಳೆದುಕೊಂಡು, ದಕ್ಷಿಣದ ರಾಮೇಶ್ವರದವರೆಗೂ ಹೋಗಿ, ತಿರುಗಿ ಬರುವಾಗ ಆತ ಕಲ್ಯಾಣವನ್ನು ಮುಟ್ಟಿದ. ವಿಕ್ರಮಾದಿತ್ಯ ಸಿಂಹಾಸನವೇರಿದ್ದು 1076ರಲ್ಲಿ. ಊರು ಬಿಟ್ಟ ಕಾಲದಿಂದ ಲೆಕ್ಕ ಹಾಕಿದರೆ ಸುಮಾರು ಹತ್ತು ವರ್ಷಗಳ ಹುಡುಕಾಟ.

ಕಲ್ಯಾಣ ಆತನನ್ನು ಗುರುತಿಸಿತು. ವಿಕ್ರಮಾದಿತ್ಯ ಆತನನ್ನು ವಿದ್ಯಾಪತಿಯನ್ನಾಗಿ ಮಾಡಿ, ನೀಲಿ ಛತ್ರವನ್ನೂ ಆನೆಗಳನ್ನೂ ಕೊಟ್ಟ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನಿಗೂ ಇದೇ ದೊರೆಯ ಕಲ್ಯಾಣ ಆಶ್ರಯ ನೀಡಿತ್ತು. ಆಧುನಿಕ ಕಾಲದವರೆಗೂ ನಮ್ಮ ನ್ಯಾಯಾಲಯಗಳು ಹಿಂದೂ ದಾಯಭಾಗದ ವ್ಯಾಜ್ಯಗಳಲ್ಲಿ ಆಧರಿಸುತ್ತಿದ್ದ ಗ್ರಂಥವದು. ಅಂದರೆ ಹೊರಗಿನಿಂದ ಬಂದ ಕವಿಗೂ ಧರ್ಮಶಾಸ್ತ್ರಜ್ಞನಿಗೂ ಕೆಲಸ ಕೊಡುವ ಶಕ್ತಿ, ಅದಕ್ಕಿಂತ ಮುಖ್ಯವಾಗಿ ಅವರ ಯೋಗ್ಯತೆಯನ್ನು ಅರಿಯುವ ಕಣ್ಣು, ಅಂದಿನ ಕಲ್ಯಾಣಕ್ಕಿತ್ತು.

ಆ ಕೆಲಸಕ್ಕೆ ತೆರಬೇಕಾದ ಬೆಲೆಯೂ ಇತ್ತೆಂಬುದನ್ನು ಮರೆಯುವಂತಿಲ್ಲ. ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು ಸ್ವಂತ ಅಣ್ಣ ಇಮ್ಮಡಿ ಸೋಮೇಶ್ವರನನ್ನು ಪದಚ್ಯುತಗೊಳಿಸಿ. ಬಿಲ್ಹಣನ ಕಾವ್ಯದಲ್ಲಿ ಇದು ಶಿವನ ಆದೇಶದ ಪಾಲನೆಯಾಗಿಬಿಡುತ್ತದೆ. ಅಣ್ಣ ಅಯೋಗ್ಯನಾಗಿ, ತಮ್ಮ ಒಲ್ಲದ ಮನಸ್ಸಿನಿಂದ ರಾಜ್ಯ ವಹಿಸಿಕೊಂಡವನಾಗಿ ಕಾಣುತ್ತಾರೆ. ಆದರೆ ಅದೇ ಕಾವ್ಯದಲ್ಲಿ ಇವರ ತಂದೆ ಆಹವಮಲ್ಲ ಸೋಮೇಶ್ವರ ವಾಸಿಯಾಗದ ಜ್ವರದಿಂದ ನೊಂದು ತುಂಗಭದ್ರೆಯಲ್ಲಿ ದೇಹತ್ಯಾಗ ಮಾಡಿದ ಪ್ರಸಂಗವೂ ಇದೆ. ಅದನ್ನು ಓದಿದವರು ಬಿಲ್ಹಣನನ್ನು ಬರಿಯ ಹೊಗಳುಭಟ್ಟನೆಂದು ತಳ್ಳಿಹಾಕಲಾರರು. ಸಿಕ್ಕ ಉದ್ಯೋಗದ ಮಿತಿಯೊಳಗೇ ಆತ ತನ್ನ ನಿಜವಾದ ಕೆಲಸವನ್ನೂ ಮಾಡಿದ.

ಇಷ್ಟಾದರೂ ಆತನಿಗೆ ತೃಪ್ತಿ ದೊರೆಯಿತೇ? ಹನ್ನೆರಡನೆಯ ಶತಮಾನದ ಕಲ್ಹಣ ತನ್ನ ರಾಜತರಂಗಿಣಿಯಲ್ಲಿ ಮಾರ್ಮಿಕವಾದ ಸಂಗತಿಯೊಂದನ್ನು ದಾಖಲಿಸಿದ್ದಾನೆ. ಕಾಶ್ಮೀರದಲ್ಲಿ ಕವಿಗಳನ್ನು ಪೋಷಿಸುವ ಹರ್ಷದೇವ ದೊರೆಯಾಗಿರುವನೆಂದು ಕೇಳಿದಾಗ ಕಲ್ಯಾಣದ ತನ್ನ ವೈಭವವೆಲ್ಲ ವಂಚನೆಯೆಂದು ಬಿಲ್ಹಣನಿಗೆ ಅನ್ನಿಸಿತಂತೆ. ಹರ್ಷ ಆಳಿದ್ದು 1089ರಿಂದ 1101ರವರೆಗೆ. ವಿಚಿತ್ರವೆಂದರೆ ಆ ಹರ್ಷನ ಕಣ್ಣು ಇದ್ದದ್ದು ಕರ್ನಾಟಕದ ಮೇಲೆ! ಆತ ಕರ್ಣಾಟದ ಮಾದರಿಯಲ್ಲಿ ನಾಣ್ಯ ಟಂಕಿಸಿದ. ವಿಕ್ರಮಾದಿತ್ಯನ ರಾಣಿ ಚಂದಲದೇವಿಯ ಚಿತ್ರಕ್ಕೆ ಮರುಳಾದ. ಕೊನೆಗೆ ದೇಗುಲಗಳನ್ನು ಸೂರೆ ಮಾಡಿ, ಪ್ರಜೆಗಳ ದ್ವೇಷ ಕಟ್ಟಿಕೊಂಡು ಹತನಾದ. ಬಿಲ್ಹಣ ಹಂಬಲಿಸಿದ ಆಸ್ಥಾನ ಆತ ಬಿಟ್ಟು ಬಂದದ್ದಕ್ಕಿಂತ ಸುರಕ್ಷಿತವಾಗಿರಲಿಲ್ಲ. ಕೈಯಲ್ಲಿರುವ ಕೆಲಸಕ್ಕಿಂತ ಬೇರೆಡೆಯ ಕೆಲಸವೇ ಚೆನ್ನೆಂದು ಕಾಣುವುದು ವಿದ್ಯಾಪತಿಗಳಿಗೂ ತಪ್ಪಿದ್ದಲ್ಲ.

ಆತನ ಕಾವ್ಯಕ್ಕೂ ಅಲೆದಾಟ ತಪ್ಪಲಿಲ್ಲ. ಶತಮಾನಗಳ ಕಾಲ ಮರೆಯಾಗಿದ್ದ ಅದರ ತಾಳೆಗರಿ ಪ್ರತಿಯನ್ನು ಜರ್ಮನ್ ವಿದ್ವಾಂಸ ಬ್ಯೂಲರ್ 1874ರಲ್ಲಿ ಮರುಭೂಮಿಯ ಜೈಸಲ್ಮೇರದ ಜೈನ ಭಂಡಾರದಲ್ಲಿ ಪತ್ತೆಹಚ್ಚಿ, ಮರುವರ್ಷ ಮುಂಬಯಿಯಲ್ಲಿ ಪ್ರಕಟಿಸಿದ. ಚಾಲುಕ್ಯರ ಇತಿಹಾಸ ಬರೆಯುವವರು ಯಾರೂ ಇಂದು ಅದನ್ನು ಬಿಟ್ಟು ಮುಂದೆ ಹೋಗಲಾರರು.

ಬಿಲ್ಹಣನ ಬಾಳಿನಿಂದ ಯುವಕರಿಗೆ ತಾಳ್ಮೆಯ ಪಾಠ ಹೇಳುವುದು ಸುಲಭ. ನಾನೂ ಹಾಗೆ ಹೇಳಿದವನೇ. ಖಾಯಂ ಉದ್ಯೋಗ ಸಿಗುವವರೆಗೆ ಐದು ವರ್ಷ ಹಂಗಾಮಿ ಕೆಲಸ ಮಾಡಿದ ನನ್ನ ಅನುಭವವನ್ನೇ ದೊಡ್ಡದು ಮಾಡಿ ಹೇಳುತ್ತಿದ್ದೆ. ಜಲಸಂಗ್ವಿಯ ಕಲ್ಲಿನ ಎದುರು ನಿಂತಾಗ ನನ್ನ ಪಾಠದಲ್ಲಿ ಅರ್ಧ ಮಾತ್ರ ಇತ್ತೆಂಬುದು ಅರಿವಿಗೆ ಬಂತು. ಬಿಲ್ಹಣ ಆಶ್ರಯ ಸಿಗುವವರೆಗೆ ಸುಮ್ಮನೆ ಕಾಯಲಿಲ್ಲ, ಹೋದಲ್ಲೆಲ್ಲ ವಾದಿಸಿದ, ಬರೆದ ಎಂಬುದು ನಿಜ. ಆದರೆ ಆತನ ಸಂಸ್ಕೃತ ಕಾಶ್ಮೀರದಿಂದ ರಾಮೇಶ್ವರದವರೆಗೆ ಚಲಾವಣೆಯಲ್ಲಿದ್ದ ನಾಣ್ಯ. ದಾರಿಯ ಕೊನೆಯಲ್ಲಿ ಅದರ ಬೆಲೆ ತಿಳಿದ ನಗರವೊಂದಿತ್ತು. ಬೇಮಳಖೇಡದ ಎಂ.ಎ. ಪದವೀಧರನಿಗೆ ಅಂಥ ನಾಣ್ಯ ಯಾವುದು, ಅಂಥ ನಗರ ಎಲ್ಲಿದೆ?

ಸಂವಿಧಾನದ 371 (ಜೆ) ವಿಧಿ ಜಾರಿಗೆ ಬಂದ 2013ರಿಂದ ನಮ್ಮ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ದೊರೆತಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟೆವು. ಮೀಸಲಾತಿಯಿಂದ ಉಪಕಾರವಾದ ಮನೆಗಳು ನನ್ನ ಕಣ್ಣೆದುರಿಗಿವೆ. ಆದರೆ ಕಲಿತವನ ಕಲಿಕೆಗೆ ಕಲಿತ ಊರಿನ ಸಮೀಪದಲ್ಲೇ ಉಪಯೋಗವಿರುವಂತಾದಾಗ ಮಾತ್ರ ಕಲ್ಯಾಣವೆಂಬ ಹೆಸರು ಸಾರ್ಥಕವಾದೀತು. ಭರವಸೆ ಕಳೆದುಕೊಳ್ಳಬೇಡವೆಂದು ಹೇಳುವ ಹಕ್ಕು, ಭರವಸೆಗೆ ಆಧಾರವನ್ನು ಒದಗಿಸುವ ಸಮಾಜಕ್ಕೆ ಮಾತ್ರ ಇರುತ್ತದೆ.

ಸೋಮವಾರ ಹುಡುಗ ಹೈದರಾಬಾದಿನ ಬಸ್ಸು ಹತ್ತಿದ. ಮುಂದಿನ ಪರೀಕ್ಷೆಗೂ ಅರ್ಜಿ ಹಾಕಿದ್ದಾನಂತೆ. ಜಲಸಂಗ್ವಿಯ ಶಾಸನವನ್ನು ಆತ ನೋಟ್‌ಬುಕ್ಕಿನಲ್ಲಿ ಅಕ್ಷರ ಬಿಡದೆ ಬರೆದುಕೊಂಡಿದ್ದ. ರಜೆಗೆ ಊರಿಗೆ ಬಂದಾಗಲೆಲ್ಲ ಸುತ್ತಲಿನ ಹಳ್ಳಿಗಳ ವೀರಗಲ್ಲುಗಳನ್ನೂ ಶಾಸನಗಳನ್ನೂ ಪಟ್ಟಿ ಮಾಡುವ ವಿಚಾರ ಆತನದು. ಯಾರೂ ಸಂಬಳ ಕೊಡದ ಈ ಕೆಲಸವನ್ನು ಆತ ಮಾಡಿ ಮುಗಿಸುವನೆಂಬ ನಂಬಿಕೆ ನನಗಿದೆ. ಮುಗಿಸಿ ತಂದಾಗ ಅದನ್ನು ಬರಮಾಡಿಕೊಳ್ಳುವ ಕಲ್ಯಾಣವೊಂದು ಇರುವುದೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ನಾವು.