ಸೋಲನ್ನೂ ಬರೆದಿಟ್ಟ ಶಸ್ತ್ರವೈದ್ಯ ಹಾರ್ವೆ ಕುಶಿಂಗ್

ತಿಪಟೂರು: ತೆಂಗಿನ ಚಿಪ್ಪು ಎಷ್ಟೇ ಗಟ್ಟಿಯಿದ್ದರೂ ಅದರ ಮೂರು ಕಣ್ಣುಗಳಲ್ಲಿ ಒಂದು ಮೆದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೂ ಗೊತ್ತಿರುವ ಸಂಗತಿಯಿದು. ಮನುಷ್ಯನ ತಲೆಬುರುಡೆಯ ತಳದಲ್ಲಿಯೂ ಅಂಥದೊಂದು ಜಾಗವಿದೆ. ಮೂಗಿನ ಹಿಂಬದಿಯ ಟೊಳ್ಳಿನಾಚೆ ಇರುವ ತೆಳುವಾದ ಮೂಳೆಯ ಮೇಲೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಕುಳಿತಿದೆ. ಅಲ್ಲಿ ಗಡ್ಡೆ ಬೆಳೆದರೆ ದೃಷ್ಟಿ ಮಂಕಾಗಬಹುದು, ಕೈಕಾಲು, ದವಡೆ ಹಿಗ್ಗಬಹುದು. ಇಂದು ಈ ಸೀಮೆಯ ರೋಗಿ ಬೆಂಗಳೂರಿಗೆ ಹೋದರೆ ವೈದ್ಯರು ಮೂಗಿನ ಹೊಳ್ಳೆಯ ಮೂಲಕ ಎಂಡೋಸ್ಕೋಪ್ ತೂರಿಸಿ ಅಂಥ ಗಡ್ಡೆಯನ್ನು ತೆಗೆಯಬಲ್ಲರು. ಈ ಹಾದಿಯನ್ನು ಸುರಕ್ಷಿತಗೊಳಿಸಲು ದುಡಿದ ಮೊದಲಿಗರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಪ್ರಮುಖರು.

ಕುಶಿಂಗ್ ಜನಿಸಿದ್ದು 1869ರ ಏಪ್ರಿಲ್ 8ರಂದು, ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನ ವೈದ್ಯ ಮನೆತನದಲ್ಲಿ. ಯೇಲ್‌ನಲ್ಲಿ ಪದವಿ ಪಡೆದು ಹಾರ್ವರ್ಡ್‌ನಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದಾಗ, ಅವರೇ ಈಥರ್ ಕೊಡುತ್ತಿದ್ದ ರೋಗಿಯೊಬ್ಬರು ಶಸ್ತ್ರಚಿಕಿತ್ಸೆಯ ವೇಳೆ ಅಸುನೀಗಿದರು. ಓದನ್ನೇ ಬಿಡುವ ಯೋಚನೆ ಅವರನ್ನು ಕಾಡಿತು. ಆದರೆ ಬಿಡಲಿಲ್ಲ. 1894ರಲ್ಲಿ ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ ಅವರೊಡನೆ, ಅರಿವಳಿಕೆಯಲ್ಲಿರುವ ರೋಗಿಯ ನಾಡಿ, ಉಸಿರಾಟಗಳನ್ನು ಚಾರ್ಟ್‌ನಲ್ಲಿ ಗುರುತಿಸುವ ಪದ್ಧತಿಯನ್ನು ಆರಂಭಿಸಿದರು. 1901ರಲ್ಲಿ ಇಟಲಿಯ ಪಾವಿಯಾದಲ್ಲಿ ಕಂಡ ರಕ್ತದೊತ್ತಡ ಮಾಪಕವನ್ನು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ತಂದರು.

ಮೂಗಿನ ಮಾರ್ಗ ಅವರ ಶೋಧವಲ್ಲ. 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಮೂಗನ್ನೇ ಕೊಯ್ದು ಸರಿಸಿ ಈ ಗಡ್ಡೆಯನ್ನು ತಲುಪಿದ್ದರು. ಕುಶಿಂಗ್ ಮೇಲ್ದುಟಿಯ ಒಳಗಿನಿಂದ ಸಾಗಿದರು. ಮುಖದ ಮೇಲೆ ಗಾಯದ ಗುರುತು ಉಳಿಯುವುದು ತಪ್ಪಿತು. ಪ್ರತಿಜೀವಕಗಳಾಗಲೀ ಸ್ಕ್ಯಾನ್ ಆಗಲೀ ಇಲ್ಲದ 1910ರಿಂದ 1925ರ ಅವಧಿಯಲ್ಲಿ ಅವರು ನಡೆಸಿದ ಇಂಥ 231 ಶಸ್ತ್ರಚಿಕಿತ್ಸೆಗಳಲ್ಲಿ ಮರಣ ಪ್ರಮಾಣ ಶೇ. 5.6 ಮಾತ್ರ. ಸತ್ತವರನ್ನೂ ಲೆಕ್ಕಕ್ಕೆ ಹಿಡಿದು ಪ್ರಕಟಿಸಿದ್ದರಿಂದಲೇ ಈ ಅಂಕಿ ಉಳಿದಿದೆ.

ಆದರೂ 1920ರ ದಶಕದ ಕೊನೆಗೆ ಅವರು ಈ ಮಾರ್ಗವನ್ನು ಬಿಟ್ಟು ತಲೆಬುರುಡೆ ತೆರೆಯುವ ವಿಧಾನವನ್ನೇ ನೆಚ್ಚಿದರು. ಕಿರಿದಾದ, ಬೆಳಕು ಸಾಲದ ಆ ಹಾದಿಯಲ್ಲಿ ಮೇಲಕ್ಕೆ ಬೆಳೆದ ಗಡ್ಡೆಗಳನ್ನು ಪೂರ್ತಿ ತೆಗೆಯುವುದು ಕಷ್ಟವಾಗಿತ್ತು. ಗುರು ಬಿಟ್ಟದ್ದನ್ನು ಎಡಿನ್‌ಬರೋದ ಶಿಷ್ಯ ನಾರ್ಮನ್ ಡಾಟ್ ಬಿಡಲಿಲ್ಲ. ಅವರಿಂದ ಪ್ಯಾರಿಸ್‌ನ ಜೆರಾರ್ ಗಿಯೋ, ಗಿಯೋ ಅವರಿಂದ ಕೆನಡಾದ ಜೂಲ್ಸ್ ಹಾರ್ಡಿ ಅದನ್ನು ಕಲಿತರು. 1960ರ ದಶಕದಲ್ಲಿ ಹಾರ್ಡಿ ಸೂಕ್ಷ್ಮದರ್ಶಕ ಬಳಸಿದರು. 1990ರ ದಶಕದಲ್ಲಿ ಎಂಡೋಸ್ಕೋಪ್ ನೆಲೆಯೂರಿತು. ಮೂಗಿನ ನಡುಗೋಡೆಯ ಪೊರೆಯನ್ನು ರಕ್ತನಾಳಸಹಿತ ತಿರುಗಿಸಿ ರಂಧ್ರ ಮುಚ್ಚುವ, 2006ರಲ್ಲಿ ಪ್ರಕಟವಾದ ವಿಧಾನವು ಮಿದುಳಿನ ಸುತ್ತಲಿನ ದ್ರವ ಸೋರುವ ಅಪಾಯವನ್ನು ಬಹಳಷ್ಟು ತಗ್ಗಿಸಿತು.

ಸರ್ ವಿಲಿಯಂ ಆಸ್ಲರ್ ಅವರ ಜೀವನಚರಿತ್ರೆಗಾಗಿ ಕುಶಿಂಗ್ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. 1932ರಲ್ಲಿ ಅವರು ವಿವರಿಸಿದ ಪಿಟ್ಯುಟರಿ ಕಾಯಿಲೆ ಅವರ ಹೆಸರನ್ನೇ ಹೊತ್ತಿದೆ. 1939ರ ಅಕ್ಟೋಬರ್ 7ರಂದು ನ್ಯೂ ಹೇವನ್‌ನಲ್ಲಿ ನಿಧನರಾದರು. ಅವರ ರೋಗಿಗಳ ದಾಖಲೆ, ಛಾಯಾಚಿತ್ರ, ಗಡ್ಡೆಗಳ ಮಾದರಿಗಳು ಯೇಲ್ ವಿಶ್ವವಿದ್ಯಾಲಯದಲ್ಲಿವೆ.

ಉಪಕರಣಗಳು ಬದಲಾದರೂ ಕುಶಿಂಗ್ ಹಾಕಿಕೊಟ್ಟ ಶಿಸ್ತು ಹಳತಾಗಿಲ್ಲ. ಎಷ್ಟು ಮಂದಿಗೆ ದೃಷ್ಟಿ ಮರಳಿತು, ಎಷ್ಟು ಮಂದಿಗೆ ದ್ರವ ಸೋರಿತು ಎಂಬ ಲೆಕ್ಕವಿಡುವ ವೈದ್ಯತಂಡವಷ್ಟೇ ಮುಂದಿನ ರೋಗಿಗೆ ಹೆಚ್ಚಿನ ಭರವಸೆ ನೀಡಬಲ್ಲದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮೊದಲು ಆ ಲೆಕ್ಕವನ್ನು ಕೇಳುವುದು ರೋಗಿಯ ಮನೆಯವರ ಹಕ್ಕು.